ಮನೆಯಲ್ಲೇ ವಿಮಾನ ಕಟ್ಟಬಹುದು, ಹಾರಿಸಲು ವರ್ಷಗಟ್ಟಲೆ ಕಾಯಬೇಕು!

ಚೆನ್ನೈ: 1910ರ ಮಾರ್ಚ್. ಮದ್ರಾಸಿನ ಮೌಂಟ್ ರೋಡ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಜಾಕೊಮೊ ಡಿ'ಆಂಜೆಲಿಸ್, ತಾವೇ ರೂಪಿಸಿ ಸಿಂಪ್ಸನ್ ಕಂಪನಿಯಲ್ಲಿ ಕಟ್ಟಿಸಿದ ಪುಟ್ಟ ವಿಮಾನವನ್ನು ಪಲ್ಲಾವರಂನಲ್ಲಿ ಹಾರಿಸಿದರು. ಭಾರತದಲ್ಲಿ ಹಾರಾಟಕ್ಕೆಂದೇ ಕಾನೂನು ಬಂದಿದ್ದು ಮರುವರ್ಷ!

ಈಗ ಹಾಗಿಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಮನೆಯ ತಾರಸಿಯಲ್ಲಿ ಕಟ್ಟಿದ ಆರು ಆಸನಗಳ ವಿಮಾನ 2016ರ ಫೆಬ್ರವರಿಯಲ್ಲಿ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ದೇಶದ ಗಮನ ಸೆಳೆಯಿತು. ಡಿಜಿಸಿಎ ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ. ಹಾರಾಟದ ಪರವಾನಗಿಗೆ 2019ರವರೆಗೆ ಕಾಯಬೇಕಾಯಿತು.

ಎಚ್ಚರಿಕೆ ಬೇಡವೆಂದಲ್ಲ. ಬೇರೆ ಎಂಜಿನ್ ಕೂರಿಸಿದರೆ ವಿಮಾನದ ಗುರುತ್ವ ಕೇಂದ್ರವೇ ಬದಲಾಗಬಹುದು. ಅದು ಬಾಲದ ಕಡೆಗೆ ಮಿತಿಮೀರಿ ಸರಿದರೆ ವಿಮಾನ ಪೈಲಟ್‌ನ ಹಿಡಿತ ತಪ್ಪುತ್ತದೆ. ಹಾಗಾಗಿಯೇ ಅಮೆರಿಕದಲ್ಲಿ ದೊಡ್ಡ ಮಾರ್ಪಾಡು ಮಾಡಿದವರು ಜನವಸತಿ ಇಲ್ಲದ ಕಡೆ ಮತ್ತೆ ಪರೀಕ್ಷಾ ಹಾರಾಟ ನಡೆಸಬೇಕು. ಆದರೆ ಅಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿದ ವಿಮಾನಕ್ಕೆ ಪ್ರತ್ಯೇಕ ವರ್ಗವಿದೆ. ಮೊದಲ ಮೊಳೆ ಹೊಡೆಯುವ ಮುನ್ನವೇ ದಾರಿ ಗೊತ್ತಿರುತ್ತದೆ.

ನಮ್ಮಲ್ಲಿ ಕೌಶಲಕ್ಕೆ ಬರವಿದೆಯೇ? ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ಕಿಟ್‌ಗಳನ್ನು ಬ್ರಿಟನ್‌ನ ಹವ್ಯಾಸಿಗಳು ತಾವೇ ಜೋಡಿಸಿ ಹಾರಿಸಿದ್ದಾರೆ. ನಮ್ಮ ಊರಿನ ಸರಕು, ಅವರ ಊರಿನ ಆಕಾಶ.

2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮ ವಿಮಾನ ವಿನ್ಯಾಸವನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅದರಡಿಯ ನಿಯಮಗಳು ಎಷ್ಟೇ ಬಿಗಿಯಾಗಿರಲಿ, ಹವ್ಯಾಸಿಯ ಅರ್ಜಿಗೆ 'ಹೌದು' ಅಥವಾ 'ಇಲ್ಲ' ಎನ್ನಲು ಅಧಿಕಾರಿಗಳಿಗೂ ಒಂದು ಗಡುವು ಇರಬೇಕು.