ಕೈಪಿಡಿಯ ಹೊಣೆ ಯಾರದು?

ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳ ವಾಲ್ವ್‌ಗಳು ವಿದೇಶಗಳಿಗೂ ಹೋಗುತ್ತವೆ. ಯುರೋಪಿನ ಒತ್ತಡ ಸಲಕರಣೆಗಳ ನಿರ್ದೇಶನ (2014) ಅವುಗಳೊಡನೆ ಬಳಕೆದಾರರ ಸೂಚನೆಗಳನ್ನೂ ಕೇಳುತ್ತದೆ. ನಾವಾದರೋ ಕೈಪಿಡಿಯನ್ನು ‘ಕಂಪ್ಯೂಟರಿನವರಿಗೆ’ ಒಪ್ಪಿಸಿ ನಿಶ್ಚಿಂತರಾಗುತ್ತೇವೆ!

2005ರಲ್ಲಿ ಓಯಾಸಿಸ್ ಸಂಸ್ಥೆ ಮಾನಕವೆಂದು ಅಂಗೀಕರಿಸಿದ ಡಿಟಾದಂಥ ಪದ್ಧತಿಯಲ್ಲಿ ಒಮ್ಮೆ ಬರೆದ ಎಚ್ಚರಿಕೆಯನ್ನು ಹತ್ತು ಮಾದರಿಗಳ ಕೈಪಿಡಿಗಳಲ್ಲಿ ಬಳಸಬಹುದು; ಅದು ತಪ್ಪಾದರೆ ಹತ್ತರಲ್ಲಿಯೂ ತಪ್ಪೇ. ಆದ್ದರಿಂದ ಯಾವುದು ಎಚ್ಚರಿಕೆ, ಯಾವುದು ಕೆಲಸದ ಕ್ರಮ, ಯಾವ ಭಾಗ ಯಾವ ಮಾದರಿಗೆ ಸಲ್ಲುತ್ತದೆ ಎಂಬ ನಿರ್ಣಯವು ಬೋಲ್ಟು ಬಿಗಿಯುವವನೊಡನೆ ಮಾತನಾಡಿದ ಬರಹಗಾರನದಾಗಿರಬೇಕು. ಪುಟವಿನ್ಯಾಸದ ನಿಯಮ, ಹಳೆಯ ಆವೃತ್ತಿಗಳ ಸಂರಕ್ಷಣೆ ತಂತ್ರಜ್ಞನವು. ಟ್ಯಾಗುಗಳ ಪಟ್ಟಿಯನ್ನು ಮಾತ್ರ ಇಬ್ಬರೂ ಕೂಡಿ ನಿಶ್ಚಯಿಸಲಿ.

ಸಣ್ಣ ಘಟಕಕ್ಕೆ ಇಬ್ಬರ ಸಂಬಳ ಭಾರವೇ ಸರಿ. ನಾಲ್ಕಾರು ಘಟಕಗಳು ಒಬ್ಬ ತಂತ್ರಜ್ಞನನ್ನು ಹಂಚಿಕೊಳ್ಳಬಹುದು. ಬರಹಗಾರನು ಕಾರ್ಖಾನೆಯೊಳಗೇ ಇರಬೇಕಾದವನು.