ಮೈಮೇಲೆ ಹಾರುವ ನಾಯಿ: ತಪ್ಪು ಯಾರದು?

ಒಕ್ಕಲುತನದ ಮನೆಯವರಿಗೆ ಪ್ರಾಣಿಗಳನ್ನು ಪಳಗಿಸುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉದಗೀರ ಸೀಮೆಯ ದೇವಣಿ ಹೋರಿಯನ್ನು ನೊಗಕ್ಕೆ ಹೂಡುವಾಗ ನಮ್ಮ ರೈತರು ತೋರಿಸುವ ತಾಳ್ಮೆ ದೊಡ್ಡದು. ಮೊದಲು ಹಗ್ಗದ ರೂಢಿ, ಆಮೇಲೆ ಪಳಗಿದ ಎತ್ತಿನ ಜೊತೆಗೆ ಬರಿಯ ನೊಗ, ಅನಂತರ ಹಗುರವಾದ ಕೆಲಸ. ದಿನವೂ ಅದೇ ಮಾತು, ಅದೇ ಸನ್ನೆ. ಆದರೆ ಅದೇ ರೈತನ ಅಂಗಳದಲ್ಲಿರುವ ನಾಯಿಗೆ ಎರಡೇ ಪಾಠ: ಉಳಿದ ರೊಟ್ಟಿ ಮತ್ತು ಒದೆ. ಕೊನೆಗೆ ಅದು ಮೈಮೇಲೆ ಹಾರುತ್ತದೆ, ಕೈಯನ್ನು ಬಾಯಲ್ಲಿ ಹಿಡಿಯುತ್ತದೆ, ಸೆರಗು ಎಳೆಯುತ್ತದೆ ಎಂದು ದೂರು. ಈ ದೂರಿನಲ್ಲಿ ನಾಯಿಯ ಪಾಲಿಗಿಂತ ನಮ್ಮ ಪಾಲೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಉಮರ್ಗಾ, ನಿಲಂಗಾ ಕಡೆಯ ಹಳ್ಳಿಗಳಲ್ಲಿ ಮನೆಭೇಟಿಗೆ ಹೋದಾಗ ನಾಯಿ ಓಡಿಬಂದು ಎರಡೂ ಮುಂಗಾಲುಗಳನ್ನು ನಮ್ಮ ಎದೆಯ ಮೇಲೆ ಇಡುವುದುಂಟು. ಮನೆಯ ಯಜಮಾನರು ನಗುತ್ತ, "ಅದಕ್ಕ ಭಾಳ ಪ್ರೀತಿರೀ ಫಾದರ್, ಏನೂ ಮಾಡಂಗಿಲ್ರಿ" ಎನ್ನುತ್ತಾರೆ. ನಮ್ಮ ನಿಲುವಂಗಿಗೆ ಮಣ್ಣಾದರೆ ತೊಳೆದುಕೊಳ್ಳಬಹುದು. ಆದರೆ ಎಪ್ಪತ್ತು ವರ್ಷದ ಅಜ್ಜಿ ನೀರಿನ ಕೊಡ ಹೊತ್ತು ಬರುವಾಗ ಅದೇ ಪ್ರೀತಿ ಹಿಂದಿನಿಂದ ಬಂದು ಅಪ್ಪಿದರೆ? ಆ ವಯಸ್ಸಿನಲ್ಲಿ ತೊಡೆಯ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ನಡೆಯುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷವಿದೆ. ಇಲ್ಲಿ ಕಾರವಾನಿ, ಪಶ್ಮಿ ಎಂದು ಕರೆಯುವ ಬೇಟೆನಾಯಿಗಳು ಬಹಳ ಕಾಲದಿಂದಲೂ ಇವೆ. ಲಾತೂರ ಜಿಲ್ಲೆಯ ಚಾಕೂರ ತಾಲೂಕಿನ ಜಾನವಳ ಗ್ರಾಮ ಇವುಗಳಿಗೆ ಹೆಸರಾಗಿದೆ. ಕರ್ನಾಟಕದಲ್ಲಿ ಮುಧೋಳ ನಾಯಿ ಎನ್ನುವುದೂ ಇದೇ ಬಳಗಕ್ಕೆ ಸೇರಿದ್ದು. 2005ರಲ್ಲಿ ಅದರ ಚಿತ್ರವುಳ್ಳ ಅಂಚೆ ಚೀಟಿಯೂ ಬಂದಿತು. ಉದ್ದ ಕಾಲಿನ, ಸಣ್ಣ ನಡುವಿನ ಈ ನಾಯಿ ಮೂಗಿಗಿಂತ ಕಣ್ಣನ್ನು ಹೆಚ್ಚು ನಂಬಿ ಬೇಟೆಯಾಡುವ ಜಾತಿ. ಓಡುವುದೇನಿದ್ದರೂ ಅದಕ್ಕೆ ಮೊಲವೇ, ಅದು ಕಣದಲ್ಲಿ ಕಿರುಚುತ್ತ ಓಡುವ ನಮ್ಮ ಮಗುವಾದರೂ ಸರಿ. ಆದುದರಿಂದ ನಾಯಿ ಬೆನ್ನು ಹತ್ತಿದರೆ ಓಡದೆ, ಕೈ ಬೀಸದೆ, ಗಿಡದ ಹಾಗೆ ನಿಂತುಬಿಡಬೇಕು ಎಂದು ಮಕ್ಕಳಿಗೆ ಮೊದಲು ಕಲಿಸಬೇಕು. ನಾಯಿಗೆ ಕಲಿಸುವುದು ಎರಡನೆಯದು.

ನಾಯಿ ಹಾರುವುದೇಕೆ? ಮರಿ ತನ್ನ ತಾಯಿಯ ಬಾಯಿಯನ್ನು ನೆಕ್ಕಿ ಅನ್ನ ಬೇಡುತ್ತದೆ, ಅಕ್ಕರೆ ತೋರಿಸುತ್ತದೆ. ನಮ್ಮ ಬಾಯಿ ಅದಕ್ಕೆ ಐದಡಿ ಮೇಲಿದೆ. ಹಾರದೆ ಎಟಕುವುದು ಹೇಗೆ? ಮರಿಯಿದ್ದಾಗ ಹಾರಿದರೆ ಎತ್ತಿ ಮುದ್ದಾಡಿದೆವು. ಬೆಳೆದ ಮೇಲೆ ಅದೇ ಕೆಲಸಕ್ಕೆ ಬೈಯುತ್ತೇವೆ. ಎರಡೂ ಕೈಗಳಿಂದ ನೂಕಿದರೆ ಅದು ಆಟವೆಂದೇ ತಿಳಿಯುತ್ತದೆ. ಬೈದರೂ ಯಜಮಾನ ನನ್ನ ಕಡೆ ನೋಡಿದ, ಮಾತಾಡಿದ ಎಂಬ ಲಾಭ ಅದಕ್ಕೆ ಸಿಕ್ಕೇ ಸಿಗುತ್ತದೆ.

ತಿದ್ದುವ ದಾರಿ ಸುಲಭ, ಆದರೆ ಮನೆಮಂದಿಯೆಲ್ಲ ಒಂದಾಗಬೇಕು. ಹಾರಲು ಬಂದಾಗ ಮಾತಿಲ್ಲದೆ ಕೈಕಟ್ಟಿ ಬೆನ್ನು ತಿರುಗಿಸಿರಿ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೆ ಬಾಗಿ, ಮೆಲ್ಲಗೆ ಮಾತಾಡಿಸಿ, ಕತ್ತಿನ ಕೆಳಗೆ ಸವರಿ ಒಂದು ಚೂರು ರೊಟ್ಟಿ ಕೊಡಿರಿ. ಮೊದಲ ಕೆಲವು ದಿನ ಹಾರುವುದು ಕಡಿಮೆಯಾಗುವ ಬದಲು ಹೆಚ್ಚಾದರೂ ಆಗಬಹುದು. ಇಷ್ಟು ದಿನ ನಡೆದ ಉಪಾಯ ಈಗೇಕೆ ನಡೆಯದು ಎಂದು ಅದು ಜೋರು ಮಾಡಿ ನೋಡುತ್ತದೆ. ಬಹುತೇಕ ಮನೆಗಳು ಸೋಲುವುದು ಇಲ್ಲಿಯೇ. ಅಪ್ಪ ಬೆನ್ನು ತಿರುಗಿಸಿ, ಸಂಜೆ ಮಗ ಬಂದು ಎದೆಗೆ ಹತ್ತಿಸಿಕೊಂಡರೆ, ಜೋರು ಮಾಡಿದರೆ ಗೆಲ್ಲಬಹುದೆಂಬ ಹೊಸ ಪಾಠ ನಾಯಿಗೆ ಆಯಿತು.

"ಯಜಮಾನ ಯಾರೆಂದು ತೋರಿಸಬೇಕು, ನೆಲಕ್ಕೆ ಕೆಡವಿ ಹಿಡಿಯಬೇಕು" ಎಂದು ಹೇಳುವವರಿದ್ದಾರೆ. ಈ ಮಾತಿಗೆ ಮೂಲ 1947ರಲ್ಲಿ ಪ್ರಕಟವಾದ ಒಂದು ಅಧ್ಯಯನ. ರುಡಾಲ್ಫ್ ಶೆಂಕೆಲ್ ಎಂಬವರು ಬಾಸೆಲ್ ನಗರದ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಜಗಳವನ್ನು ನೋಡಿ ಬರೆದದ್ದು. ಡೇವಿಡ್ ಮೆಕ್ ಎಂಬ ಅಮೆರಿಕದ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಅದನ್ನೇ ಹರಡಿದರು. ಮುಂದೆ ಅವರೇ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, ತೋಳದ ಹಿಂಡೆಂದರೆ ತಂದೆತಾಯಿ ಮತ್ತು ಮಕ್ಕಳಿರುವ ಸಂಸಾರ, ಗದ್ದುಗೆಗಾಗಿ ಬಡಿದಾಡುವ ದಂಡಲ್ಲ ಎಂದು 1999ರಲ್ಲಿ ಬರೆದರು. ಹೊಡೆತದಿಂದ ನಾಯಿ ಕಲಿಯುವುದು ಕೈಗೆ ಹೆದರುವುದನ್ನು. ಹೆದರಿದ ನಾಯಿ ಗುರುಗುಟ್ಟದೆಯೇ ಕಚ್ಚುತ್ತದೆ, ಏಕೆಂದರೆ ಗುರುಗುಟ್ಟಿದ್ದಕ್ಕೂ ಪೆಟ್ಟು ತಿಂದಿರುತ್ತದೆ.

ಬಾಯಿ ಹಾಕುವ ಚಾಳಿಗೆ ಬರೋಣ. ಮರಿಗಳು ಒಂದನ್ನೊಂದು ಕಚ್ಚಿ ಆಡುವಾಗ, ಜೋರಾಗಿ ಕಚ್ಚಿದರೆ ಎದುರಿನದು ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಹಲ್ಲಿಗೆ ಹದ ಬರುವುದು ಹೀಗೆ. ತಿಂಗಳ ಮರಿಯನ್ನೇ ತಾಯಿಯಿಂದ ಕಿತ್ತು ತರುವ ನಮ್ಮ ಪದ್ಧತಿಯಲ್ಲಿ ಈ ಪಾಠ ತಪ್ಪಿಹೋಗುತ್ತದೆ. ಎಂಟು ವಾರವಾದರೂ ಅಲ್ಲಿಯೇ ಬಿಡಬೇಕು. ಮೂರರಿಂದ ಆರೇಳು ತಿಂಗಳವರೆಗೆ ಹಲ್ಲು ಬೀಳುವ, ಹುಟ್ಟುವ ಕಾಲ, ಒಸಡು ತುರಿಸುತ್ತದೆ. ಗಂಟು ಹಾಕಿದ ಹಳೆಯ ಹಗ್ಗವನ್ನೋ ಗೋಣಿಯ ಸುರುಳಿಯನ್ನೋ ಕೊಟ್ಟು, ಹಲ್ಲು ಚರ್ಮಕ್ಕೆ ತಾಕಿದ ಕ್ಷಣ ಆಟ ನಿಲ್ಲಿಸಿ ಎದ್ದುಹೋಗಬೇಕು. ಕೈಯನ್ನೇ ಆಟಿಕೆ ಮಾಡಿಕೊಟ್ಟು ಆಮೇಲೆ ಕೈ ಕಚ್ಚಿತೆಂದರೆ ಹೇಗೆ?

ಕಾಲನ್ನು ತಬ್ಬಿ ಏರಲು ನೋಡುವ ಚಾಳಿಯ ಬಗ್ಗೆ ಕೇಳಲು ಜನ ನಾಚುತ್ತಾರೆ. ಅದರಲ್ಲಿ ಪಾಪವೂ ಇಲ್ಲ, ಸೊಕ್ಕೂ ಇಲ್ಲ. ಬಹಳ ಸಲ ಅದು ಬರಿಯ ಉದ್ರೇಕ, ಹೆಣ್ಣುನಾಯಿಯೂ ಹಾಗೆ ಮಾಡುತ್ತದೆ. ಸುಮ್ಮನೆ ದೂರ ಸರಿದು ಬೇರೆ ಕೆಲಸಕ್ಕೆ ಹಚ್ಚಿದರೆ ಸಾಕು. ಗಂಡುನಾಯಿಗೆ ಸಂತಾನಶಕ್ತಿಹರಣ ಮಾಡಿಸಿದರೆ ಅನೇಕ ವೇಳೆ ಕಡಿಮೆಯಾಗುತ್ತದೆ.

ನೆಕ್ಕುವುದನ್ನು ಮಾತ್ರ ಹಗುರವಾಗಿ ಎಣಿಸಬಾರದು. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ, ಕೆಲವರು ಶುಭಸಂದೇಶದ ಲಾಜರನ ಹುಣ್ಣುಗಳನ್ನು ನಾಯಿಗಳು ನೆಕ್ಕಿದ್ದನ್ನೂ ಸಾಕ್ಷಿಗೆ ತರುತ್ತಾರೆ. ಆ ಕಥೆ ಲಾಜರನ ದೈನ್ಯವನ್ನೂ ಶ್ರೀಮಂತನ ಕಲ್ಲೆದೆಯನ್ನೂ ಹೇಳುತ್ತದೆ, ಔಷಧಿಯನ್ನಲ್ಲ. ಒಡೆದ ಹಿಮ್ಮಡಿ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಕುಡುಗೋಲು ತಾಗಿದ ಬೆರಳು, ಇವನ್ನು ನಾಯಿಗೆ ನೆಕ್ಕಲು ಕೊಡಲೇಬಾರದು. ಹುಚ್ಚುನಾಯಿ ರೋಗದ ವಿಷಾಣು ಇರುವುದು ಜೊಲ್ಲಿನಲ್ಲಿ, ಅದೂ ನಾಯಿಗೆ ಹುಚ್ಚಿನ ಲಕ್ಷಣ ಕಾಣುವ ಕೆಲವು ದಿನ ಮೊದಲಿನಿಂದಲೇ.

ಈ ಲೇಖನ ಬರೆಯಲು ನಮಗಿರುವ ದೊಡ್ಡ ಕಾರಣ ಇದು. ನಾಯಿ ದಿನವೂ ಮಕ್ಕಳ ಕೈ ಕಚ್ಚಿ ಆಡುವ ಮನೆಯಲ್ಲಿ ಒಂದು ಗೀರು, ಒಂದು ಹಲ್ಲಿನ ಗುರುತು ಯಾರ ಕಣ್ಣಿಗೂ ಬೀಳುವುದಿಲ್ಲ. ಹೇಳಿದರೆ ಅಪ್ಪ ನಾಯಿಯನ್ನು ಬಡಿಯುತ್ತಾನೆ, ತನಗೂ ಎರಡು ಬೀಳುತ್ತವೆ ಎಂದು ಮಗು ತೋಳಿನ ಮೇಲೆ ಅಂಗಿ ಎಳೆದುಕೊಂಡು ಸುಮ್ಮನಾಗುತ್ತದೆ. ರೋಗದ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದುದರಿಂದ ತಂದೆತಾಯಂದಿರೇ, ಕಚ್ಚಿತೆಂದು ಹೇಳಲು ಬಂದ ಮಗುವನ್ನು ಬೈಯಬೇಡಿರಿ.

ಕಚ್ಚಿದ, ಗೀರಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ, ಅರಿಸಿನ ಬೇಡ. ರಕ್ತ ಬಾರದ ಗೀರಿಗೂ ಲಸಿಕೆ ಬೇಕು; ರಕ್ತ ಬಂದಿದ್ದರೆ ಅಥವಾ ಜೊಲ್ಲು ತೆರೆದ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೆ ಕೊಡುವ ಸೀರಂ ಕೂಡ ಬೇಕು. ನಮ್ಮ ಹಿರಿಯರು ಹೊಟ್ಟೆಗೆ ಚುಚ್ಚುವ 14 ಸೂಜಿಯನ್ನು ನೆನೆದು ಇಂದಿಗೂ ಹೆದರುತ್ತಾರೆ. ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮಕ್ಕೆ ಕೊಡುತ್ತಾರೆ: ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೆಯ ದಿನ. ಸಾಕಿದ ನಾಯಿಯಾಗಿದ್ದರೆ ಕೊಲ್ಲದೆ ಕಟ್ಟಿಹಾಕಿ 10 ದಿನ ನೋಡಬೇಕು, ಆದರೆ ಹತ್ತು ದಿನ ಕಾದು ಆಸ್ಪತ್ರೆಗೆ ಹೋಗುವುದಲ್ಲ. ನಾಯಿಗೆ ಲಸಿಕೆ ಆಗಿದ್ದರೆ ವೈದ್ಯರಿಗೆ ತಿಳಿಸಿ, ತೀರ್ಮಾನವನ್ನು ಅವರಿಗೆ ಬಿಡಿರಿ. ನಾಯಿಗೆ ಮೂರನೆಯ ತಿಂಗಳಿನಲ್ಲಿ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮತ್ತೊಂದು, ಅನಂತರ ವರ್ಷಕ್ಕೊಮ್ಮೆ.

ಚಾಳಿ ನಿಧಾನವಾಗಿ ಬೆಳೆಯುವಂಥದು, ಕಾಯಿಲೆ ಒಮ್ಮೆಲೇ ಬರುವಂಥದು. ವರ್ಷಗಟ್ಟಲೆ ಮೈದಡವಿಸಿಕೊಂಡ ನಾಯಿ ಇಂದು ಮುಟ್ಟಿದರೆ ಹಲ್ಲು ತೋರಿಸಿದರೆ ಕಿವಿಯಲ್ಲೋ ಹಲ್ಲಿನಲ್ಲೋ ಕೀಲಿನಲ್ಲೋ ನೋವಿರಬಹುದು. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವಾಗ ಅದನ್ನು ಬಡಿಗೆಯಿಂದ ಪರೀಕ್ಷಿಸಬೇಕಾಗಿಲ್ಲ. ದನಿ ಬದಲಾಗಿ, ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುವ ಪ್ರಾಣಿಯ ವಿಷಯ ಬೇರೆ. ಎಲುಬು ಸಿಕ್ಕಿದೆಯೆಂದು ನಾಯಿಯ ಬಾಯಿಗೆ, ಗೆಡ್ಡೆ ಸಿಕ್ಕಿದೆಯೆಂದು ಎಮ್ಮೆಯ ಬಾಯಿಗೆ ಕೈ ಹಾಕುವ ರೂಢಿ ನಮ್ಮ ರೈತರಲ್ಲಿದೆ. ಪಶುವೈದ್ಯರು ಬಂದು ನೋಡುವತನಕ ಕೈ ಹಾಕಬೇಡಿರಿ. ಈಗಾಗಲೇ ಹಾಕಿದ್ದರೆ ಇಂದೇ ಆಸ್ಪತ್ರೆಗೆ ಹೋಗಿರಿ.