ಪತ್ತೇದಾರಿ ಹುಡುಗಿಗೆ ಹುಟ್ಟುಹಬ್ಬದ ತಿಥಿ

ಅಮೆರಿಕದ ಮಕ್ಕಳ ಕಾದಂಬರಿಗಳ ಪತ್ತೇದಾರಿ ಹುಡುಗಿ ನ್ಯಾನ್ಸಿ ಡ್ರೂಗೆ 2020ರಲ್ಲಿ ತೊಂಬತ್ತು ತುಂಬಿತು. ಆ ಸಂಭ್ರಮಕ್ಕೆ ಡೈನಮೈಟ್ ಎಂಬ ಕಾಮಿಕ್ಸ್ ಪ್ರಕಾಶನ ತಂದ ಕಾಣಿಕೆಯ ಹೆಸರು ‘ದ ಡೆತ್ ಆಫ್ ನ್ಯಾನ್ಸಿ ಡ್ರೂ’. ಬರೆದವರು ಆಂಥನಿ ಡೆಲ್ ಕಾಲ್, ಚಿತ್ರ ಜೋ ಐಸ್ಮಾ ಅವರದು. ಪಾತಕಿಗಳ ಜಾಲವೊಂದನ್ನು ಬಯಲಿಗೆಳೆಯಲು ಹೋದ ನ್ಯಾನ್ಸಿ ಸತ್ತಿದ್ದಾಳೆ, ಕೊಂದವರನ್ನು ಹುಡುಕುವ ಹೊಣೆ ಅವಳಂತೆಯೇ ಪತ್ತೇದಾರಿ ಕಾದಂಬರಿಗಳ ನಾಯಕರಾದ ಹಾರ್ಡಿ ಸಹೋದರರಲ್ಲಿ ಒಬ್ಬನಾದ ಜೋನದು. ಸುದ್ದಿ ಹೊರಬಿದ್ದದ್ದೇ ತಡ, ಓದುಗರು ಪ್ರಕಾಶಕರನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು.

ಈ ಸಿಟ್ಟಿನಲ್ಲಿ ಅರ್ಧ ಪೊಳ್ಳು, ಅರ್ಧ ಗಟ್ಟಿ.

‘ನಮ್ಮ ಬಾಲ್ಯದ ನ್ಯಾನ್ಸಿಯನ್ನು ಕೆಡಿಸಬೇಡಿ’ ಎಂಬ ಕೂಗು ಪೊಳ್ಳು. ಯಾವ ನ್ಯಾನ್ಸಿ? ಪುಸ್ತಕದ ಮೇಲಿರುವ ಕ್ಯಾರೊಲಿನ್ ಕೀನ್ ಎಂಬ ಲೇಖಕಿ ಹುಟ್ಟಿಯೇ ಇರಲಿಲ್ಲ. ಎಡ್ವರ್ಡ್ ಸ್ಟ್ರಾಟ್‌ಮೇಯರ್ ಎಂಬ ವ್ಯಾಪಾರಿ ಕಥೆಯ ಹಂದರ ಕಟ್ಟಿ ಕೊಡುತ್ತಿದ್ದರು. 1930ರಲ್ಲಿ ಅದಕ್ಕೆ ಜೀವ ತುಂಬಿದವರು ಪುಸ್ತಕಕ್ಕೆ 125 ಡಾಲರ್ ಪಡೆದು ಹಕ್ಕನ್ನೆಲ್ಲ ಬರೆದುಕೊಟ್ಟ ಮಿಲ್ಡ್ರೆಡ್ ವರ್ಟ್. 1959ರಿಂದ ಸ್ಟ್ರಾಟ್‌ಮೇಯರ್ ಮಗಳು ಹ್ಯಾರಿಯಟ್ ಆಡಮ್ಸ್ ಹಳೆಯ ಪುಸ್ತಕಗಳನ್ನೆಲ್ಲ ತಿದ್ದಿಸತೊಡಗಿದರು. ಹದಿನಾರರ ನ್ಯಾನ್ಸಿ ಹದಿನೆಂಟರವಳಾದಳು, ಇಪ್ಪತ್ತೈದು ಅಧ್ಯಾಯ ಇಪ್ಪತ್ತಕ್ಕಿಳಿಯಿತು, ಹುಡುಗಿಯ ಬಾಯಿಯೂ ಕೊಂಚ ತಣ್ಣಗಾಯಿತು. ಮೊದಲ ಪುಸ್ತಕದಲ್ಲಿ ಜೆಫ್ ಟಕರ್ ಎಂಬ ಕಪ್ಪುವರ್ಣದ ಕಾವಲುಗಾರನೊಬ್ಬನಿದ್ದ. ಕುಡುಕ, ಅಣಕಿಸಿದಂಥ ಆಡುಮಾತಿನವ, ನಗೆಪಾಟಲಿಗೆಂದೇ ಗೀಚಿದ ಪಾತ್ರ. ತಿದ್ದಿದವರು ಅವನಿಗೆ ಮರ್ಯಾದೆ ಕೊಡುವ ಗೋಜಿಗೆ ಹೋಗದೆ ಬಿಳಿಯನನ್ನಾಗಿಸಿಬಿಟ್ಟರು. ಇಂದಿನ ಅಜ್ಜಿಯಂದಿರಲ್ಲಿ ಹೆಚ್ಚಿನವರು ‘ಮೂಲ’ವೆಂದು ಎದೆಗಪ್ಪಿಕೊಳ್ಳುವುದು ಈ ತಿದ್ದಿದ ಪ್ರತಿಯನ್ನೇ. ಹೀಗಿರುವಾಗ ಚಿತ್ರಕಾದಂಬರಿಯವರು ಮಾತ್ರ ಮಡಿ ಕಾಯಬೇಕೇ?

ಗಟ್ಟಿಯಾದ ಅರ್ಧಕ್ಕೆ ಕಾಮಿಕ್ಸ್ ಲೋಕದ್ದೇ ಹಿನ್ನೆಲೆಯಿದೆ. 1994ರ ‘ಗ್ರೀನ್ ಲ್ಯಾಂಟರ್ನ್’ ಸಂಚಿಕೆಯೊಂದರಲ್ಲಿ ನಾಯಕ ಮನೆಗೆ ಬಂದಾಗ ಪ್ರೇಯಸಿಯ ಹೆಣ ಫ್ರಿಜ್ಜಿನಲ್ಲಿತ್ತು. ಗಂಡಸಿನ ರೋಷ ಕೆರಳಿಸಲೆಂದೇ ಹೆಣ್ಣನ್ನು ಬಲಿಕೊಡುವ ಇಂಥ ಕಥೆಗಳ ಪಟ್ಟಿಯನ್ನು 1999ರಲ್ಲಿ, ಮುಂದೆ ಕಾಮಿಕ್ಸ್ ಲೇಖಕಿಯಾದ ಗೇಲ್ ಸಿಮೋನ್ ಪ್ರಕಟಿಸಿದರು. ಇಷ್ಟೆಲ್ಲ ಆದ ಮೇಲೂ, ಮೂರು ತಲೆಮಾರಿನ ಹುಡುಗಿಯರು ಓದಿಕೊಂಡು ಬೆಳೆದ ಹೆಣ್ಣನ್ನು ಹುಡುಗನೊಬ್ಬನ ದುಃಖಕ್ಕೆ ನೆಪವಾಗಿಸಿ ಜಾಹೀರಾತು ಕೊಟ್ಟರೆ ಬೈಗುಳ ಬೀಳದಿರುತ್ತದೆಯೇ? ‘ಆಕೆ ನಿಜಕ್ಕೂ ಸತ್ತಳೇ?’ ಎಂದು ಪ್ರಕಾಶಕರೇ ಕುತೂಹಲ ಕೆರಳಿಸಿದ್ದುಂಟು. ಅದರಿಂದ ತಪ್ಪು ಹಗುರವಾಗದು. ಸಾವು ಸುಳ್ಳಾದರೆ, ಮಾರಾಟಕ್ಕೆ ಇಟ್ಟದ್ದೂ ಸುಳ್ಳನ್ನೇ.

ಡೆಲ್ ಕಾಲ್ ಅವರೇ 2017ರಲ್ಲಿ ‘ದ ಬಿಗ್ ಲೈ’ ಬರೆದಿದ್ದರು. ಅದರಲ್ಲಿ ಹಾರ್ಡಿ ಸಹೋದರರ ಮೇಲೆ ಅಪ್ಪನನ್ನೇ ಕೊಂದ ಆರೋಪ. ವರ್ತರ್ ಡೆಲ್‌ಎಡೆರಾ ಅವರ ಚಿತ್ರಗಳ ತುಂಬ ನೆರಳು, ಮೋಸ, ಮಸಿ. ನೋಡಲು ಸೊಗಸಾಗಿದೆ, ಇಲ್ಲವೆನ್ನಲಾಗದು. ಆದರೆ ಕತ್ತಲು ಸುರಿದ ಕೂಡಲೇ ಮಕ್ಕಳ ಕಥೆ ಪ್ರೌಢವಾಗುತ್ತದೆಂಬ ಭ್ರಮೆ ಈ ಪ್ರಕಾಶಕರಿಗೆ ಎಲ್ಲಿಂದ ಅಂಟಿತೋ. ನ್ಯಾನ್ಸಿಯ ಆಕರ್ಷಣೆ ಅವಳ ಮುಗ್ಧತೆಯಲ್ಲಿರಲಿಲ್ಲ. ದೊಡ್ಡವರು ಕಡೆಗಣಿಸಿದ್ದನ್ನು ಅವಳು ಗಮನಿಸುತ್ತಿದ್ದಳು, ಕಾರು ಹತ್ತಿ ತಾನೇ ಹೋಗಿ ನೋಡಿ ಬರುತ್ತಿದ್ದಳು. ಆ ಕೆಲಸವನ್ನು ಅವಳ ಕೈಯಿಂದ ಕಿತ್ತುಕೊಂಡ ಮೇಲೆ ಉಳಿಯುವುದು ಪರಿಚಿತ ಹೆಸರು, ಅದರ ಮಾರುಕಟ್ಟೆ ಬೆಲೆ.

ಇದು ಮಾಧ್ಯಮದ ದೋಷವೇನಲ್ಲ. ಸುಳಿವೊಂದನ್ನು ಚೌಕಟ್ಟಿನ ಮೂಲೆಯಲ್ಲಿಟ್ಟು, ಓದುಗ ಹಿಂದಕ್ಕೆ ಪುಟ ತಿರುವಿ ‘ಅರೆ, ಇಲ್ಲೇ ಇತ್ತಲ್ಲ’ ಎನ್ನುವಂತೆ ಮಾಡುವುದು ಕಾಮಿಕ್ಸ್‌ಗೆ ಸಲೀಸು. ಇದೇ ಡೈನಮೈಟ್ 2018ರಲ್ಲಿ ಕೆಲ್ಲಿ ಥಾಂಪ್ಸನ್ ಮತ್ತು ಜೆನ್ ಸೇಂಟ್-ಆಂಜ್ ಕೈಯಲ್ಲಿ ‘ನ್ಯಾನ್ಸಿ ಡ್ರೂ’ ಮಾಡಿಸಿತ್ತು. ಅಲ್ಲಿ ಹದಿನೇಳರ ನ್ಯಾನ್ಸಿಯನ್ನು ನಿಗೂಢ ಪತ್ರವೊಂದು ಹುಟ್ಟೂರಿಗೆ ಎಳೆದು ತರುತ್ತದೆ. ಗೆಳತಿಯರಾದ ಬೆಸ್, ಜಾರ್ಜ್, ಜೊತೆಗೆ ಹಾರ್ಡಿಗಳು ಎಲ್ಲರೂ ಇದ್ದಾರೆ, ಆದರೆ ಕಥೆಯ ಲಗಾಮು ಅವಳದೇ. ಹಾಗಿರುವಾಗ ಹುಟ್ಟುಹಬ್ಬದ ವರ್ಷ ಹೆಣ ಬೇಕಾದದ್ದು ಗದ್ದಲಕ್ಕಾಗಿ ಎಂದರೆ ತಪ್ಪಿಲ್ಲ.

2026ರ ಜನವರಿ 1ರಿಂದ ಮೊದಲ ನಾಲ್ಕು ನ್ಯಾನ್ಸಿ ಪುಸ್ತಕಗಳ ಮೇಲೆ ಅಮೆರಿಕದಲ್ಲಿ ಕೃತಿಸ್ವಾಮ್ಯವಿಲ್ಲ. ಹಾರ್ಡಿಗಳ ಮೊದಲ ಮೂರು 2023ರಲ್ಲೇ ಬಿಡುಗಡೆಯಾದವು. ಆದರೆ ಬಿಡುಗಡೆಯಾಗಿರುವುದು 1930ರ ಪಠ್ಯ ಮಾತ್ರ, 1959ರ ತಿದ್ದುಪಡಿಗೆ ಇನ್ನೂ ಬೀಗವಿದೆ. ಅಂದರೆ ಮುಂದಿನ ಚಿತ್ರಗಾರರಿಗೆ ಸಿಗುವುದು ವರ್ಟ್ ಅವರ ಹದಿನಾರರ ಗಟ್ಟಿಗಿತ್ತಿ, ಜೊತೆಗೆ ಜೆಫ್ ಟಕರ್ ಕೂಡ. ಅವನ ಮುಖವನ್ನು ಅವರು ಹೇಗೆ ಬರೆಯುತ್ತಾರೆ, ಬಾಯಲ್ಲಿ ಏನು ಆಡಿಸುತ್ತಾರೆ ಎಂಬುದನ್ನು ಓದುಗರು ಕಾದು ನೋಡಬೇಕಿದೆ.